ನಾಮವೂ ವಿಶೇಷಣವೂ

ವಸ್ತುವಿಗೆ ಹೆಸರೊಂದು, ಆ ಹೆಸರನ್ನು ಆಶ್ರಯಿಸಿರುವ ವಿಶೇಷಣಗಳು ಹಲವು. ಯಾವುದು ವಿಶೇಷ್ಯ, ಯಾವುದು ವಿಶೇಷಣ ಎಂಬುದನ್ನು ಅರಿಯದೆ ಅನ್ವಯಮಾಡಹೊರಟರೆ ಶ್ಲೋಕದ ತಾತ್ಪರ್ಯವೇ ತಲೆಕೆಳಗಾಗುವುದೆಂದು ಪಾಠಶಾಲೆಯಲ್ಲಿ ನಮಗೆ ಮೊದಲನೆಯ ವರ್ಷದಲ್ಲಿಯೇ ಬೋಧಿಸಿದ್ದರು. ಈ ವಿವೇಚನೆಯು ವೈಯಾಕರಣರಿಗೂ ನೈಯಾಯಿಕರಿಗೂ ಮಾತ್ರ ಸಲ್ಲತಕ್ಕುದೆಂದು ಲೋಕವು ಭಾವಿಸಿರುವುದು. ಆದರೆ ಇದೇ ಪ್ರಶ್ನೆಯು ಈಗ ಪ್ರತಿಯೊಬ್ಬರ ಅಂಗೈಯಲ್ಲಿರುವ ದೂರವಾಣಿಯ ಒಳಗೂ ಹೊಕ್ಕಿದೆಯೆಂಬುದನ್ನು ನನ್ನ ಹಳೆಯ ಶಿಷ್ಯನೊಬ್ಬನು ಈಚೆಗೆ ತಿಳಿಸಿದನು. ಅವನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವನು. ಅಮರೇಶ್ವರನ ದರ್ಶನಕ್ಕಾಗಿ ಗುರುಗುಂಟೆಗೆ ಬಂದಾಗಲೆಲ್ಲ ನಮ್ಮ ಮನೆಗೂ ಬಂದು ಒಂದೆರಡು ಗಂಟೆ ಕುಳಿತು ಹೋಗುವ ಪದ್ಧತಿಯನ್ನಿಟ್ಟುಕೊಂಡಿರುವನು. ಅವನಿಂದ ತಿಳಿದುದನ್ನೂ, ಅದರ ಮೇಲೆ ನನಗೆ ತೋರಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಾಲಪುಟಗಳನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಎಂದು ಹೆಸರು. ಅದರ ಹೊರಗಿನ ಚೌಕಟ್ಟನ್ನು ಎಲ್ಲರೂ ಬಲ್ಲರು. ಒಳಗೆ, ಬಂದ ಬರಹವನ್ನು ಓದಿ, ವಿಂಗಡಿಸಿ, ಪುಟವಾಗಿ ಜೋಡಿಸುವ ಭಾಗಕ್ಕೆ ಎಂಜಿನ್ ಎನ್ನುವರು. ಇಂತಹ ಎಂಜಿನ್‌ಗಳು ಲೋಕದಲ್ಲಿ ಬಹಳವಿಲ್ಲ. ಆಪಲ್ ಸಂಸ್ಥೆಯವರ ಸಫಾರಿಯಲ್ಲಿರುವುದು ವೆಬ್‌ಕಿಟ್. ಅದರಿಂದ ೨೦೧೩ರಲ್ಲಿ ಕವಲೊಡೆದು ಗೂಗಲ್ ಸಂಸ್ಥೆಯವರ ಕ್ರೋಮ್‌ನಲ್ಲಿ ನೆಲಸಿದುದು ಬ್ಲಿಂಕ್. ಮೊಜಿಲ್ಲಾದವರ ಫೈರ್‌ಫಾಕ್ಸ್‌ನಲ್ಲಿರುವುದು ಗೆಕೋ. ಇವಲ್ಲದೆ ಸರ್ವೋ ಎಂಬುದೊಂದು ಉಂಟು. ಅದನ್ನು ಮೊಜಿಲ್ಲಾದವರು ೨೦೧೨ರಲ್ಲಿ ಆರಂಭಿಸಿ, ೨೦೨೦ರಲ್ಲಿ ಲಿನಕ್ಸ್ ಫೌಂಡೇಶನ್ನಿಗೆ ಒಪ್ಪಿಸಿದರು. ಇವುಗಳ ಮೂಲಬರಹವು ಬಹಿರಂಗವಾಗಿಯೇ ಇದ್ದು, ಬಲ್ಲವರು ಯಾವ ದೇಶದಿಂದಲಾದರೂ ತಿದ್ದುಪಡಿಗಳನ್ನು ಕಳುಹಿಸಬಹುದು. ನನ್ನ ಶಿಷ್ಯನು ಬಿಡುವಿನ ವೇಳೆಯಲ್ಲಿ ಇಂತಹುದೊಂದು ಎಂಜಿನ್ನಿನ ಕೆಲಸಕ್ಕೆ ಕೈಗೂಡಿಸಿರುವನು. ಅವನ ಪಾಲಿಗೆ ಬಂದ ಕೆಲಸವು ಎರಡು ವಿಷಯಗಳಿಗೆ ಸಂಬಂಧಪಟ್ಟುದು: ಒಂದು ಸ್ಟ್ರಿಂಗ್, ಎಂದರೆ ಅಕ್ಷರಗಳ ಸರ, ಇನ್ನೊಂದು ಆಟ್ರಿಬ್ಯೂಟ್, ಎಂದರೆ ವಿಶೇಷಣ.

ಜಾಲಪುಟವು ಅಂಗಾಂಗಗಳಾಗಿ ವಿಭಾಗಗೊಂಡಿರುವುದು. ಶೀರ್ಷಿಕೆಯೊಂದು ಅಂಗ, ಕಂಡಿಕೆಯೊಂದು ಅಂಗ, ಚಿತ್ರವೊಂದು ಅಂಗ. ಪ್ರತಿಯೊಂದು ಅಂಗಕ್ಕೂ ಹೆಸರಿರುವುದಲ್ಲದೆ ಅದರ ಸ್ವರೂಪವನ್ನು ಸೂಚಿಸುವ ವಿಶೇಷಣಗಳೂ ಇರುವುವು: ಚಿತ್ರದ ಅಗಲವೆಷ್ಟು, ಈ ಕಂಡಿಕೆಯು ಯಾವ ವರ್ಗಕ್ಕೆ ಸೇರಿದುದು, ಇದರ ಭಾಷೆ ಯಾವುದು. ಈ ವಿಶೇಷಣಗಳು ಓದುವವನ ಕಣ್ಣಿಗೆ ಬೀಳವು. ಆದರೂ ಕಣ್ಣಿಗೆ ಬೀಳುವುದೆಲ್ಲವನ್ನೂ ಅವೇ ನಿಯಮಿಸುವುವು. ಇದನ್ನು ಕೇಳಿದೊಡನೆ ನನಗೆ ಪಾಣಿನಿಯ ಧಾತುಪಾಠವು ನೆನಪಿಗೆ ಬಂದಿತು. ಅಲ್ಲಿ ‘ಮಾಡು’ ಎಂಬರ್ಥದ ಧಾತುವನ್ನು ಬರಿಯ ‘ಕೃ’ ಎಂದು ಹೇಳದೆ ‘ಡುಕೃಞ್’ ಎಂದು ಹೇಳಿರುವುದು. ಮುಂದಿನ ‘ಡು’ವಾಗಲಿ, ಹಿಂದಿನ ‘ಞ್’ ಆಗಲಿ ಪ್ರಯೋಗದಲ್ಲಿ ಉಚ್ಚಾರವಾಗವು, ಅವು ಅನುಬಂಧಗಳು. ಆದರೆ ಞಕಾರವು ಇದ್ದುದರಿಂದಲೇ ‘ಕರೋತಿ’, ‘ಕುರುತೇ’ ಎಂಬ ಎರಡು ಪದಗಳೂ ಆ ಧಾತುವಿಗೆ ದಕ್ಕಿದುವು. ‘ಡು’ ಇದ್ದುದರಿಂದಲೇ ‘ಕೃತ್ರಿಮ’ ಎಂಬ ಶಬ್ದವು ಹುಟ್ಟಿತು. ತಾನು ಕೇಳಿಸದೆ ಇದ್ದು, ಕೇಳಿಸುವ ರೂಪವನ್ನು ನಿರ್ಣಯಿಸುವುದೇ ಅನುಬಂಧದ ಧರ್ಮ. ಆಟ್ರಿಬ್ಯೂಟ್ ಎಂಬುದರ ಧರ್ಮವೂ ಅದೇ.

ಇನ್ನು ಅಕ್ಷರಸರದ ವಿಚಾರ. ನಮ್ಮ ಊರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಗುರುಗುಂಟಾ’ ಎಂಬಲ್ಲಿ ಛಂದಸ್ಸಿನ ಪ್ರಕಾರ ಅಕ್ಷರಗಳು ೪. ಯುನಿಕೋಡ್ ಎಂಬ ಲೋಕಸಮ್ಮತವಾದ ಸಂಕೇತಕ್ರಮದಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರಗಳನ್ನು ಬಿಡಿಬಿಡಿಯಾಗಿ ಎಣಿಸುವುದರಿಂದ ಅದೇ ಹೆಸರಿಗೆ ಸಂಕೇತಗಳು ೯. ಆ ೯ ಸಂಕೇತಗಳನ್ನು ಯಂತ್ರದ ನೆನಪಿನಲ್ಲಿಡುವುದಕ್ಕೆ ಎರಡು ಪದ್ಧತಿಗಳು ಬಳಕೆಯಲ್ಲಿರುವುವು. ಯುಟಿಎಫ್-೮ ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ೩ ಬೈಟುಗಳಂತೆ ೨೭ ಬೈಟುಗಳು ಬೇಕು. ಯುಟಿಎಫ್-೧೬ ಎಂಬುದರಲ್ಲಿ ೨ರಂತೆ ೧೮ ಸಾಕು. ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಅಲ್ಲಿಯೂ ೯ ಅಕ್ಷರಗಳೇ. ಆದರೆ ೯ ಬೈಟುಗಳಲ್ಲಿ ಮುಗಿದುಹೋಗುವುದು. ಜಾಲದಲ್ಲಿ ಹರಿದುಬರುವ ಪುಟಗಳು ಬಹುಮಟ್ಟಿಗೆ ಮೊದಲನೆಯ ಪದ್ಧತಿಯವು; ಬ್ರೌಸರ್‌ಗಳಲ್ಲಿ ೧೯೯೫ರಿಂದ ನಡೆದುಬಂದಿರುವ ಜಾವಾಸ್ಕ್ರಿಪ್ಟ್ ಭಾಷೆಯು ಎರಡನೆಯ ಪದ್ಧತಿಯಂತೆ ಎಣಿಸುವುದು. ಆದುದರಿಂದ ಎಂಜಿನ್ನಿನೊಳಗೆ ಒಂದೇ ಶಬ್ದವು ಒಂದು ವೇಷದಿಂದ ಇನ್ನೊಂದು ವೇಷಕ್ಕೆ ಮತ್ತೆಮತ್ತೆ ಬದಲಾಗುತ್ತಿರಬೇಕು. ಸಾಲದುದಕ್ಕೆ, ಸರದಲ್ಲಿ ಇಂಗ್ಲಿಷಿನಂತಹ ಅಕ್ಷರಗಳು ಮಾತ್ರವೇ ಇದ್ದರೆ ಒಂದೊಂದಕ್ಕೆ ಒಂದೇ ಬೈಟಿನಲ್ಲಿ ಅಡಗಿಸಿಡುವ ಉಪಾಯವನ್ನು ಎಂಜಿನ್‌ಗಳಲ್ಲಿ ಮಾಡಿಕೊಂಡಿರುವರು. ಅಂತಹ ಸರದಲ್ಲಿ ಕನ್ನಡದ ಅಕ್ಷರವೊಂದು ಬಂದು ಸೇರಿದರೂ ಇಡೀ ಸರವು ಇಮ್ಮಡಿಯಾಗಿ ಹಿಗ್ಗುವುದು.

ಮೇಲಾಗಿ, ಪುಟದಲ್ಲಿ ಸಾವಿರ ಕಂಡಿಕೆಗಳಿದ್ದರೆ ಒಂದೇ ವಿಶೇಷಣದ ಹೆಸರು ಸಾವಿರ ಸಲ ಬರುವುದು. ಸಾವಿರ ಸಲವೂ ಅದನ್ನು ಪೂರ್ತಿಯಾಗಿ ಬರೆದಿಟ್ಟು, ಹೋಲಿಸುವಾಗಲೆಲ್ಲ ಮೊದಲಿನಿಂದ ಕಡೆಯವರೆಗೆ ಓದುವುದು ವ್ಯರ್ಥಶ್ರಮ. ಇದಕ್ಕೆ ಅವರು ಕಂಡುಕೊಂಡ ಉಪಾಯವನ್ನು ಕೇಳಿ ನನಗೆ ನಗು ಬಂದಿತು. ಏಕೆಂದರೆ ಅದು ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲಿಯೂ ಇರುವ ದಾಖಲಾತಿ ಪುಸ್ತಕವೇ. ಹುಡುಗನು ಶಾಲೆಗೆ ಸೇರಿದ ದಿನ ಅವನ ಪೂರ್ಣನಾಮವನ್ನು ಒಮ್ಮೆ ಬರೆದು ದಾಖಲೆ ಸಂಖ್ಯೆಯನ್ನು ಕೊಡುವೆವು. ಆಮೇಲೆ ಎಲ್ಲ ಕಡೆಯೂ ಆ ಸಂಖ್ಯೆಯೇ ಸಾಕು. ಒಂದೇ ತರಗತಿಯಲ್ಲಿ ಅಮರೇಶರು ನಾಲ್ವರಿದ್ದರೂ ಗೊಂದಲವಿಲ್ಲ. ಎಂಜಿನ್ನಿನಲ್ಲಿಯೂ ಹೀಗೆಯೇ: ಒಂದೊಂದು ಹೆಸರನ್ನು ಒಮ್ಮೆ ಮಾತ್ರ ದಾಖಲಿಸಿ, ಮುಂದೆ ಅದರ ಗುರುತನ್ನಷ್ಟೇ ಹೋಲಿಸುವರು. ಹೀಗೆ ದಾಖಲಾದ ಹೆಸರಿಗೆ ಆಟಮ್, ಎಂದರೆ ಪರಮಾಣು ಎಂದು ಹೆಸರಿಟ್ಟಿರುವರು. ಹಾಗೆಂದು ಪುಟದ ಪ್ರತಿಯೊಂದು ವಾಕ್ಯವನ್ನೂ ದಾಖಲಿಸುವುದು ಸಲ್ಲದು. ಒಮ್ಮೆ ಬಂದು ಹೋಗುವ ಅತಿಥಿಗೆ ದಾಖಲೆ ಸಂಖ್ಯೆಯೇಕೆ? ಯಾವ ಸರವನ್ನು ಪರಮಾಣುವಾಗಿಸಬೇಕು, ಯಾವುದನ್ನು ಸಾಮಾನ್ಯವಾಗಿ ಬಿಡಬೇಕು ಎಂಬ ವಿವೇಚನೆಯೇ ಈ ಕೆಲಸದ ಮರ್ಮ.

ವಿಶೇಷಣದ ಬೆಲೆಯನ್ನು ಕುರಿತೂ ಇಂತಹುದೇ ಜಿಜ್ಞಾಸೆಯುಂಟು. ಪುಟದಲ್ಲಿ ಎಲ್ಲವೂ ಬರಹವಾಗಿಯೇ ಬರುವುದು. ‘ಅಗಲ ಐವತ್ತು’ ಎಂಬುದೂ ಬರಹ, ‘ವರ್ಗ ಪದ್ಯ’ ಎಂಬುದೂ ಬರಹ. ಆದರೆ ಮೊದಲನೆಯದು ವಾಸ್ತವವಾಗಿ ಸಂಖ್ಯೆ. ಎರಡನೆಯದು ಒಂದೊ ಹಲವೊ ಹೆಸರುಗಳ ಪಟ್ಟಿ. ಬೇಕಾದಾಗಲೆಲ್ಲ ಬರಹವನ್ನು ಮತ್ತೆ ಓದಿ ಅರ್ಥಮಾಡಿಕೊಳ್ಳುವ ಬದಲು, ಬಾಗಿಲಿನಲ್ಲಿಯೇ ಅರ್ಥಮಾಡಿಕೊಂಡು, ಸಂಖ್ಯೆಯನ್ನು ಸಂಖ್ಯೆಯಾಗಿಯೂ ಪಟ್ಟಿಯನ್ನು ಪಟ್ಟಿಯಾಗಿಯೂ ಇಟ್ಟುಕೊಂಡು, ಮೂಲಬರಹವನ್ನೂ ಪಕ್ಕದಲ್ಲಿ ಕಾಪಾಡುವುದು ಉತ್ತಮ ಪದ್ಧತಿಯೆಂದು ಸರ್ವೋ ಮುಂತಾದವುಗಳಲ್ಲಿ ಅಂಗೀಕರಿಸಿರುವರು. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಂಗತಿಯಿದೆ. ಚಿತ್ರದ ಅಗಲವನ್ನು ಕನ್ನಡದ ಅಂಕಿಗಳಲ್ಲಿ ‘೫೦’ ಎಂದು ಕೊಟ್ಟರೆ ಎಂಜಿನ್ ಅದನ್ನು ಸಂಖ್ಯೆಯೆಂದು ಒಪ್ಪದು. ಇಂಗ್ಲಿಷ್ ಅಂಕಿಗಳನ್ನೇ ಓದಬೇಕೆಂದು ನಿಯಮವಿರುವುದರಿಂದ, ಏನನ್ನೂ ಹೇಳದವರಂತೆ ಅದನ್ನು ಬಿಟ್ಟು ಮುಂದೆ ಸಾಗುವುದು. ಓದುಗನಿಗೆ ಕಾಣುವ ಬರಹದಲ್ಲಿ ನಮ್ಮ ಅಂಕಿಗಳಿಗೆ ಯಾವ ತಡೆಯೂ ಇಲ್ಲ. ವಿಶೇಷಣದಲ್ಲಿ ಮಾತ್ರ ಸಂಕೇತಭಾಷೆಯ ಕಟ್ಟಳೆ.

ಇನ್ನೂ ಸೂಕ್ಷ್ಮವಾದುದು ಶೂನ್ಯಕ್ಕೂ ಅಭಾವಕ್ಕೂ ಇರುವ ಭೇದ. ಭಾಷೆಯನ್ನು ಸೂಚಿಸುವ ವಿಶೇಷಣವೇ ಇಲ್ಲದಿದ್ದರೆ, ಆ ಅಂಗವು ತನ್ನ ಮೇಲಿನ ಅಂಗದ ಭಾಷೆಯನ್ನು ಪಡೆಯುವುದು. ಸೂತ್ರಪಾಠದಲ್ಲಿ ಮೇಲಿನ ಸೂತ್ರದ ಪದವು ಅನುವೃತ್ತಿಯಿಂದ ಕೆಳಗಿಳಿಯುವಂತೆ. ಆದರೆ ವಿಶೇಷಣವಿದ್ದು ಅದರ ಬೆಲೆ ಬರಿದಾಗಿದ್ದರೆ, ‘ಇದರ ಭಾಷೆ ಗೊತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿದಂತಾಯಿತು. ಅನುವೃತ್ತಿಯು ಅಲ್ಲಿಗೆ ನಿಲ್ಲುವುದು. ಇವೆರಡನ್ನೂ ‘ಏನೂ ಇಲ್ಲ’ ಎಂದು ಒಂದೇ ಗೂಡಿನಲ್ಲಿಟ್ಟರೆ ಪುಟವು ಕೆಡುವುದು. ಲೋಪವಾದ ಪ್ರತ್ಯಯವು ತಾನು ಕಾಣದಿದ್ದರೂ ತನ್ನ ಕಾರ್ಯವನ್ನು ಉಳಿಸಿಹೋಗುವುದೆಂದು ಕಲಿತವರಿಗೆ, ಎಂದೂ ಬಾರದುದಕ್ಕೂ ಬಂದು ಲೋಪವಾದುದಕ್ಕೂ ಇರುವ ಅಂತರವು ಹೊಸದಲ್ಲ. ಹೀಗೆಯೇ ಒಂದೇ ಗುರುತು ಎರಡರ್ಥ ಕೊಡುವ ತೊಡಕೂ ಹಳೆಯದು. ಮಾಹೇಶ್ವರ ಸೂತ್ರಗಳು ಹದಿನಾಲ್ಕರಲ್ಲಿ ಣಕಾರವು ಎರಡು ಸಲ ಅನುಬಂಧವಾಗಿ ಬಂದಿರುವುದರಿಂದ ‘ಅಣ್’ ಎಂದರೆ ಎಲ್ಲಿಯವರೆಗೆ ಎಂಬ ಸಂದೇಹವು ಹುಟ್ಟಿ, ವ್ಯಾಖ್ಯಾನಕಾರರು ಸ್ಥಳವನ್ನು ನೋಡಿ ನಿರ್ಣಯಿಸಬೇಕಾಯಿತು. ಯಂತ್ರಕ್ಕೆ ವ್ಯಾಖ್ಯಾನಕಾರರಿಲ್ಲ. ಆದುದರಿಂದ ಅಂಗದ ಹೆಸರು ಒಂದು ಜಾತಿ, ವಿಶೇಷಣದ ಬೆಲೆ ಒಂದು ಜಾತಿ, ಜಾವಾಸ್ಕ್ರಿಪ್ಟಿನಿಂದ ಬಂದ ಸರ ಮತ್ತೊಂದು ಜಾತಿ ಎಂದು ಮೊದಲೇ ಪಂಗಡಗಳನ್ನು ಮಾಡಿ, ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇಟ್ಟರೆ ಯಂತ್ರವೇ ನಿರಾಕರಿಸುವಂತೆ ಕಟ್ಟುವರು.

ಈಗಾಗಲೇ ನಡೆಯುತ್ತಿರುವ ಎಂಜಿನ್ನಿನಲ್ಲಿ ಈ ಪಂಗಡಗಳನ್ನು ಹೊಸದಾಗಿ ಏರ್ಪಡಿಸುವುದೇ ನನ್ನ ಶಿಷ್ಯನ ಪಾಲಿನ ಕೆಲಸ. ಹೊರಗಿನ ನಡವಳಿಕೆ ಎಳ್ಳಷ್ಟೂ ಬದಲಾಗಕೂಡದು. ಒಳಗಿನ ಕಟ್ಟಡ ಮಾತ್ರ ಬದಲಾಗಬೇಕು. ಇದಕ್ಕೆ ನಮ್ಮಲ್ಲಿ ಸರಿಯಾದ ಹೆಸರಿದೆ: ಜೀರ್ಣೋದ್ಧಾರ. ಮೂಲವಿಗ್ರಹವನ್ನು ಅಲುಗಿಸದೆ, ನಿತ್ಯಪೂಜೆಯನ್ನು ನಿಲ್ಲಿಸದೆ, ಬಿರುಕುಬಿಟ್ಟ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಹೊಸದನ್ನು ಕೂರಿಸುವುದು. ನಡವಳಿಕೆ ಬದಲಾಗಲಿಲ್ಲವೆಂಬುದನ್ನು ಪರೀಕ್ಷಿಸಲು ಎಲ್ಲ ಎಂಜಿನ್‌ಗಳಿಗೂ ಸಮಾನವಾದ ಲಕ್ಷಗಟ್ಟಲೆ ಪ್ರಶ್ನೆಗಳ ಸಂಗ್ರಹವೊಂದಿದ್ದು, ಪ್ರತಿಯೊಂದು ತಿದ್ದುಪಡಿಯ ತರುವಾಯವೂ ಅವುಗಳನ್ನು ಕೇಳುವರಂತೆ.

“ಇಷ್ಟೆಲ್ಲ ಮಾಡಿದ ಮ್ಯಾಲೆ ನೋಡೋರಿಗೆ ಏನು ಕಾಣಿಸ್ತದಪ್ಪ?” ಎಂದು ಕೇಳಿದೆನು.

“ಏನೂ ಕಾಣಸಂಗಿಲ್ರಿ ಸರ. ಏನಾರ ಕಾಣಿಸ್ತಂದ್ರ ನಮ್ಮ ಕೆಲಸ ಕೆಟ್ಟದ ಅಂತ ಅರ್ಥರಿ” ಎಂದು ಅವನು ನಕ್ಕನು.

ಅರ್ಧ ಮಾತ್ರೆಯು ಉಳಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವಾಗುವುದೆಂದು ಹಿರಿಯರು ಹೇಳುತ್ತಿದ್ದರು. ಆ ಸಂತೋಷವನ್ನು ಬಲ್ಲವರು ಈಗಲೂ ಇರುವರೆಂದು ನನಗೆ ಅಂದು ತಿಳಿಯಿತು.

ಇದರಿಂದ ಕನ್ನಡಿಗರಿಗೇನು ಎಂದು ವಾಚಕರು ಕೇಳಬಹುದು. ಎರಡು ಸಂಗತಿಗಳನ್ನು ಹೇಳುವೆನು. ನೆರೆಯ ಕೊಪ್ಪಳವನ್ನು ನೋಡಿರಿ. ೧೯೯೭ರವರೆಗೆ ಅದು ನಮ್ಮ ರಾಯಚೂರು ಜಿಲ್ಲೆಗೇ ಸೇರಿದ್ದಿತು. ಅದರ ಮೊದಲನೆಯ ಅಕ್ಷರ ‘ಕೊ’. ಇದರ ಒಕಾರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದಿಟ್ಟೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡಿನವರೇ ವಿಧಿಸಿರುವರು. ಕಣ್ಣಿಗೂ ಎರಡೂ ಒಂದೇ. ಆದರೆ ವಿಶೇಷಣಗಳನ್ನು ಹೋಲಿಸುವಾಗ ಎಂಜಿನ್ ಸಂಕೇತಕ್ಕೆ ಸಂಕೇತವನ್ನಿಟ್ಟು ನೋಡುವುದೇ ಹೊರತು ಸಮಾನತೆಯನ್ನು ವಿಚಾರಿಸದು. ಒಂದು ಕಡೆ ಒಂದು ಬಗೆಯಾಗಿ, ಇನ್ನೊಂದು ಕಡೆ ಇನ್ನೊಂದು ಬಗೆಯಾಗಿ ಬರೆದ ಕೊಪ್ಪಳಗಳು ಅದರ ದೃಷ್ಟಿಯಲ್ಲಿ ಎರಡು ಬೇರೆ ಊರುಗಳು. ಬರೆಯುವವನು ಒಂದೇ ಕ್ರಮವನ್ನು ಹಿಡಿಯುವುದೊಂದೇ ಇದಕ್ಕೆ ಪರಿಹಾರ.

ಎರಡನೆಯದು ಹಳೆಯ ಬರಹಗಳ ಕಥೆ. ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಎಂದರೆ ೧೯೯೧ರಲ್ಲಿಯೇ, ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿಯು ದೊರೆತಿದ್ದಿತು. ಆದರೆ ಅದು ರೂಢಿಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಅಷ್ಟರೊಳಗೆ ಬರಹ, ನುಡಿ ಮೊದಲಾದ ತಂತ್ರಾಂಶಗಳು ಬಂದು ಕನ್ನಡದ ಮುದ್ರಣಕ್ಕೆ ಮಹೋಪಕಾರ ಮಾಡಿದುವು. ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಮೊದಲಾದ ಲಿಪಿಗಳ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಸರ. ಇಂತಹ ಅಕ್ಷರವಿನ್ಯಾಸದಲ್ಲಿ ತೋರಿಸು ಎಂಬ ವಿಶೇಷಣವೊಂದೇ ಅದನ್ನು ಕನ್ನಡವಾಗಿಸುತ್ತಿದ್ದಿತು. ಹೆಸರಿನಲ್ಲಿರಬೇಕಾದ ಸತ್ವವನ್ನು ವಿಶೇಷಣದಲ್ಲಿಟ್ಟಂತಾಯಿತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅಡ್ಡಾದಿಡ್ಡಿಯಾದ ಚಿಹ್ನೆಗಳ ರಾಶಿ. ಎಷ್ಟೋ ಊರುಗಳ ಸ್ಮರಣಸಂಚಿಕೆಗಳೂ ಸ್ಥಳಚರಿತ್ರೆಗಳೂ ಇಂದಿಗೂ ಈ ಅವಸ್ಥೆಯಲ್ಲಿಯೇ ಪೆಟ್ಟಿಗೆಗಳಲ್ಲಿ ಬಿದ್ದಿರುವುವು. ಅವುಗಳನ್ನು ಪರಿವರ್ತಿಸುವ ಸಾಧನಗಳು ದೊರೆಯುವುವು. ಕುಳಿತು ಮಾಡುವವರು ಬೇಕು.

ಹೆಸರು ಕಳೆದು ವಿಶೇಷಣ ಮಾತ್ರ ಉಳಿದರೆ ಏನಾಗುವುದೆಂಬುದಕ್ಕೆ ನಮ್ಮ ನೆಲದಲ್ಲಿಯೇ ಒಂದು ದೃಷ್ಟಾಂತವುಂಟು. ಜೇಮ್ಸ್ ಪ್ರಿನ್ಸೆಪ್ಪನು ೧೮೩೭ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದಾಗ ದೇಶದ ನಾನಾ ಕಡೆಯ ಶಾಸನಗಳಲ್ಲಿ ಕಂಡುಬಂದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ವಿಶೇಷಣಗಳು. ಈತನು ಯಾರು? ಸಿಂಹಳದ ಗ್ರಂಥಗಳ ಆಧಾರದಿಂದ ಮೌರ್ಯ ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದರು. ಊಹೆಯು ಸರಿಯಾಗಿದ್ದಿತು, ಆದರೆ ಶಾಸನದಲ್ಲಿ ಹೆಸರಿರಲಿಲ್ಲ. ೧೯೧೫ರಲ್ಲಿ, ಆಗ ನಿಜಾಮರ ಸೀಮೆಯಲ್ಲಿ ನಮ್ಮ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯ ಬೆಟ್ಟದಲ್ಲಿ, ಚಿನ್ನದ ಶೋಧದಲ್ಲಿದ್ದ ಇಂಜಿನಿಯರು ಬೀಡನ್ನನು ಒಂದು ಶಾಸನವನ್ನು ಕಂಡನು. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದರಲ್ಲಿ ವಿಶೇಷಣದ ಪಕ್ಕದಲ್ಲಿಯೇ ‘ಅಶೋಕ’ ಎಂಬ ಹೆಸರಿದ್ದಿತು. ಸುಮಾರು ಎಂಬತ್ತು ವರ್ಷಗಳ ಊಹೆಯು ಅಂದಿಗೆ ನಿಶ್ಚಯವಾಯಿತು. ಅದೇ ಹೆಸರುಳ್ಳ ಶಾಸನಗಳು ಆಮೇಲೆ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲಿಯೂ ದೊರೆತುವು. ಹೆಸರೂ ವಿಶೇಷಣವೂ ತಮ್ಮ ತಮ್ಮ ಸ್ಥಾನದಲ್ಲಿ ಜತೆಯಾಗಿ ನಿಂತಾಗಲೇ ವ್ಯಕ್ತಿಯು ಗುರುತಾಗುವನು.

ವಿಶೇಷಣವು ತಪ್ಪಿದರೆ ಆಗುವ ಕೇಡನ್ನು ನಾನು ಹತ್ತಿರದಿಂದ ಕಂಡಿರುವೆನು. ನನ್ನಲ್ಲಿ ಮೂರು ವರ್ಷ ಕನ್ನಡವನ್ನು ಕಲಿತ ಹುಡುಗಿಯೊಬ್ಬಳಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಅವಳು ಪದವಿಯನ್ನು ಮುಗಿಸಿ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಗಣಕಯಂತ್ರವನ್ನು ನಡೆಸುವಳು. ಆ ಬಗೆಯ ತಂತ್ರಾಂಶಗಳಲ್ಲಿ ಎನ್‌ವಿಡಿಎ ಎಂಬುದು ಪ್ರಸಿದ್ಧ. ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ, ತಾನೂ ದೃಷ್ಟಿಹೀನನಾದ ತರುಣನು ೨೦೦೬ರಲ್ಲಿ ಅದನ್ನು ಆರಂಭಿಸಿ, ಬೆಲೆಯಿಲ್ಲದೆ ಲೋಕಕ್ಕೆ ಕೊಟ್ಟನು. ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂಬುದನ್ನು ಇಂತಹ ತಂತ್ರಾಂಶವು ಪುಟದ ಭಾಷಾವಿಶೇಷಣದಿಂದ ತಿಳಿಯುವುದು. ಒಂದು ಸಂಸ್ಥೆಯವರು ಉದ್ಯೋಗದ ಪ್ರಕಟನೆಯನ್ನು ಶುದ್ಧ ಕನ್ನಡದಲ್ಲಿ, ಶುದ್ಧ ಯುನಿಕೋಡಿನಲ್ಲಿ ಹಾಕಿದ್ದರು. ಆದರೆ ಪುಟದ ತಲೆಯಲ್ಲಿ ಭಾಷೆಯು ಇಂಗ್ಲಿಷ್ ಎಂದಿದ್ದಿತು. ಕಣ್ಣುಳ್ಳವರಿಗೆ ಯಾವ ಬಾಧಕವೂ ಇಲ್ಲ. ಅವಳ ಯಂತ್ರವಾದರೋ ಇಂಗ್ಲಿಷ್ ಧ್ವನಿಯಿಂದ ಕನ್ನಡವನ್ನು ಓದಹೊರಟು, ಅಕ್ಷರಗಳನ್ನು ಪದವಾಗಿ ಕೂಡಿಸಲಾರದೆ ತೊದಲಿತು. ನೆರೆಮನೆಯವರು ಊರಿನಿಂದ ಬಂದು ಓದಿ ಹೇಳುವ ವೇಳೆಗೆ ಅರ್ಜಿಯ ಕಡೆಯ ದಿನವು ಕಳೆದು ಒಂದು ದಿನವಾಗಿದ್ದಿತು. ಅವಳು ಇನ್ನೊಂದು ವರ್ಷ ಕಾಯಬೇಕಾಯಿತು.

ನನ್ನ ಶಿಷ್ಯನು ಆ ಪುಟದ ಒಳಬರಹವನ್ನು ನೋಡಿ, ತಪ್ಪಿದ್ದುದು ಎರಡೇ ಅಕ್ಷರಗಳ ಸಂಕೇತವೆಂದು ಹೇಳಿದಾಗ ಅವಳೂ ಅಲ್ಲಿಯೇ ಇದ್ದಳು. “ಅದಕ್ಕ ಓದಾಕ ಬರ್ತಿತ್ರಿ ಸರ. ಯಾವ ಭಾಷಾ ಅಂತ ಯಾರೂ ಸರಿಯಾಗಿ ಹೇಳಿರಲಿಲ್ಲ, ಅಷ್ಟರಿ” ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಂದಿನಿಂದ ನನ್ನ ಶಿಷ್ಯನ ಕೆಲಸವು ನನಗೆ ಬರಿಯ ಲಾಘವದ ವಿಷಯವಾಗಿ ತೋರುತ್ತಿಲ್ಲ. ಎಂಜಿನ್ನಿನಲ್ಲಿ ಭಾಷಾವಿಶೇಷಣವನ್ನು ಹುಡುಕುವುದಕ್ಕೆ ಪ್ರತಿಯೊಂದು ಅಂಗದಿಂದ ಮೂಲದವರೆಗೆ ಹತ್ತಿಹೋಗಿ, ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಹೆಸರುಗಳನ್ನು ಹೋಲಿಸಬೇಕಾಗುವುದು. ಆ ಹೋಲಿಕೆಯು ಶೀಘ್ರವೂ ನಿರ್ದುಷ್ಟವೂ ಆದಷ್ಟು ಅವಳ ಹಳೆಯ ಯಂತ್ರವು ಅವಳಿಗೆ ಬೇಗನೆ ಉತ್ತರ ಕೊಡುವುದು. ಶೂನ್ಯವನ್ನೂ ಅಭಾವವನ್ನೂ ಬೆರಸದಿದ್ದರೆ ಧ್ವನಿಯು ಹಾದಿ ತಪ್ಪದು. ಆದರೆ ಎಂಜಿನ್ ಎಷ್ಟೇ ಸುಧಾರಿಸಿದರೂ, ಪುಟವನ್ನು ಬರೆದವನು ಕೊಡದಿದ್ದ ವಿಶೇಷಣವನ್ನು ಅದು ತಾನಾಗಿ ಕಲ್ಪಿಸಲಾರದು. ಆ ಭಾಗವು ನಮ್ಮದು.

ಕನ್ನಡದಲ್ಲಿ ಪುಟಗಳನ್ನು ಸಿದ್ಧಪಡಿಸುವ ತರುಣರು ಈಗ ಪ್ರತಿಯೊಂದು ವಿದ್ಯಾವಂತ ಕುಟುಂಬದಲ್ಲಿಯೂ ಒಬ್ಬರಾದರೂ ಇರುವರು. ಮನೆಯ ಹಿರಿಯರು ಅವರನ್ನು ಮೂರು ಪ್ರಶ್ನೆ ಕೇಳಬೇಕೆಂದು ನನ್ನ ವಿಜ್ಞಾಪನೆ. ಬರಹವು ಯುನಿಕೋಡಿನಲ್ಲಿದೆಯೆ? ಪುಟದ ತಲೆಯಲ್ಲಿ ಭಾಷೆಯು ಕನ್ನಡವೆಂದು ಹೇಳಿದೆಯೆ? ನಡುವೆ ಇಂಗ್ಲಿಷಿನ ಕಂಡಿಕೆ ಬಂದರೆ ಅದಕ್ಕೆ ಬೇರೆ ಗುರುತು ಹಾಕಿದೆಯೆ? ಇಷ್ಟಕ್ಕೆ ಖರ್ಚಿಲ್ಲ, ಅರ್ಧ ಗಳಿಗೆಯ ಶ್ರಮವೂ ಇಲ್ಲ. ಹಳೆಯ ವಿನ್ಯಾಸಗಳಲ್ಲಿ ಬಿದ್ದಿರುವ ಬರಹಗಳನ್ನು ಪರಿವರ್ತಿಸುವ ಕೆಲಸವನ್ನು ನಮ್ಮ ಸಂಘದಂತಹ ಸಂಸ್ಥೆಗಳು ಊರಿಗೊಬ್ಬ ಶ್ರದ್ಧಾಳುವಿನ ಮೂಲಕ ಮಾಡಿಸಬಹುದು. ಮೇಲೆ ಹೇಳಿದ ಹುಡುಗಿಯು ಈ ಕೆಲಸದಲ್ಲಿ ಪರೀಕ್ಷಕಳಾಗಿರಲು ಒಪ್ಪಿರುವಳು. ಪರಿವರ್ತಿಸಿದ ಪುಟವನ್ನು ಅವಳ ಯಂತ್ರವು ತಡವರಿಸದೆ ಓದಿದರೆ ಅದು ಸರಿಯಾಗಿದೆಯೆಂದು ನಾವು ತಿಳಿಯಬಹುದು.